ನೋಡಿದರೆ ಸಾಲದು, ಟಿಕ್ ಬೀಳಬೇಕು

ಆನ್‌ಲೈನ್ ಪಾಠದ ನಡುವೆ ಬರುವ ಕ್ವಿಜ್‌ಗಳ ಲೆಕ್ಕ ಎಲ್ಲಿ, ಹೇಗೆ ದಾಖಲಾಗುತ್ತದೆ? ಹೊರದೇಶದಲ್ಲಿ ಓದುವ ಮಕ್ಕಳ ಮನೆಯವರು ತಿಳಿದಿರಬೇಕಾದ ಸಂಗತಿ

ಭಾನುವಾರದ ವಾಟ್ಸ್‌ಆ್ಯಪ್ ಕರೆಯಲ್ಲಿ ಊಟ, ಚಳಿ, ಬಾಡಿಗೆ, ರೂಮ್‌ಮೇಟ್ ಜಗಳ ಎಲ್ಲ ಮುಗಿದ ಮೇಲೆ ಅಮ್ಮ ಕೇಳುವ ಪ್ರಶ್ನೆ ಒಂದು ಬಾಕಿ ಇರುತ್ತದೆ. ‘ಓದು ಹೇಗೆ ನಡೀತಿದೆ ಪುಟ್ಟಿ?’ ಸಾಮಾನ್ಯವಾಗಿ ‘ಚೆನ್ನಾಗಿದೆ’ ಎಂಬ ಒಂದು ಪದದಲ್ಲಿ ಮುಗಿಯುವ ಉತ್ತರ ಆ ದಿನ ಉದ್ದವಾಯಿತು. ‘ಲೆಕ್ಚರ್ ಎಲ್ಲ ನೋಡಿದೀನಮ್ಮ, ಮಧ್ಯೆ ಬಂದ ಪ್ರಶ್ನೆಗಳಿಗೂ ಉತ್ತರ ಕೊಟ್ಟಿದೀನಿ. ಆದ್ರೂ ಇನ್‌ಕಂಪ್ಲೀಟ್ ಅಂತ ತೋರಿಸ್ತಿದೆ. ಮೂರು ವಾರದಿಂದ ಪಾಠದ ಕಡೆ ಗಮನ ಇಲ್ಲ ಅಂತ ಯೂನಿವರ್ಸಿಟಿಯಿಂದ ಮೇಲ್ ಬಂದಿದೆ.’

ಮನೆ ಹಾಸನದ ಹತ್ತಿರ. ಮಗಳು ಮೆಲ್ಬರ್ನ್‌ನಲ್ಲಿ ಸ್ನಾತಕೋತ್ತರ ಪದವಿಯ ಮೊದಲ ಸೆಮಿಸ್ಟರ್. ಅಣ್ಣ ದೋಹಾದಲ್ಲಿ ದುಡಿದು ಕಳುಹಿಸುವ ಹಣಕ್ಕೆ ಬ್ಯಾಂಕಿನ ಶೈಕ್ಷಣಿಕ ಸಾಲ ಸೇರಿಸಿ ಕಟ್ಟಿದ ಫೀಸು. ಮೇಲ್ ವಿಷಯ ಸಂಜೆಯೊಳಗೆ ಮನೆ ತುಂಬ ಹರಡಿತು. ‘ವೀಸಾ ಕ್ಯಾನ್ಸಲ್ ಮಾಡ್ತಾರಂತೆ’ ಎಂದು ಮಾವ ಹೇಳಿದರು. ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ದೋಹಾದಿಂದ ಅಣ್ಣ ಫೋನ್ ಮಾಡಿ, ‘ನಿಜ ಹೇಳು, ಕ್ಲಾಸ್ ಬಿಟ್ಟು ಕೆಲಸಕ್ಕೆ ಹೋಗ್ತಿದ್ದೀಯಾ?’ ಎಂದು ಕೇಳಿದ. ಹುಡುಗಿ ಅತ್ತಿದ್ದು ಮೇಲ್ ನೋಡಿ ಅಲ್ಲ, ಆ ಮಾತಿಗೆ.

ಆಕೆ ಸುಳ್ಳು ಹೇಳಿರಲಿಲ್ಲ. ವಿಡಿಯೊ ಪಾಠಗಳನ್ನು ನೋಡಿದ್ದಳು, ನಡುನಡುವೆ ಬಂದ ಪ್ರಶ್ನೆಗಳಿಗೆ ಉತ್ತರಿಸಿದ್ದಳು. ಪಾಠದ ಕೊನೆಯಲ್ಲಿ ವಿಡಿಯೊ ಪಟ್ಟಿಯ ತುದಿಗೆ ಸಣ್ಣ ನಕ್ಷತ್ರದ ಗುರುತು ಇರುತ್ತದೆ. ಅದನ್ನು ತೆರೆದು ‘ಉತ್ತರಗಳನ್ನು ಸಲ್ಲಿಸು’ ಎಂಬ ಗುಂಡಿ ಒತ್ತಬೇಕು. ಅದನ್ನು ಒತ್ತಿರಲಿಲ್ಲ, ಅಷ್ಟೆ. ಪ್ರೊಫೆಸರ್ ‘ಧನ್ಯವಾದ, ಮುಂದಿನ ವಾರ ಸಿಗೋಣ’ ಎಂದ ಕೂಡಲೇ ಕಿಟಕಿ ಮುಚ್ಚುತ್ತಿದ್ದಳು. ಯಾರಾದರೂ ಮಾಡುವುದು ಅದನ್ನೇ.

ಇಲ್ಲಿ ಟ್ಯೂಟರ್ ಕೆಲಸ ಮಾಡುತ್ತ ಪ್ರತಿ ಸೆಮಿಸ್ಟರ್ ಇಂಥ ಪಟ್ಟಿಗಳನ್ನು ನೋಡುವ ನನಗೆ ಈ ಕಥೆ ಹೊಸದಲ್ಲ. ಊರಿನಲ್ಲಿರುವ ಮನೆಯವರಿಗೆ ಮಾತ್ರ ಇದು ತೀರಾ ಹೊಸದು. ನಮ್ಮ ಕಾಲದಲ್ಲಿ ಹಾಜರಿ ಎಂದರೆ ‘ಪ್ರೆಸೆಂಟ್ ಸಾರ್’ ಅನ್ನುವುದು. ಈಗ ಹಾಜರಿ ಹಾಕುವುದು ಒಂದು ಸಾಫ್ಟ್‌ವೇರ್. ಅದಕ್ಕೆ ಯಾವುದು ಹಾಜರಿ, ಯಾವುದು ಅಲ್ಲ ಎಂದು ಮೊದಲೇ ಹೇಳಿಟ್ಟಿರುತ್ತಾರೆ, ವಿದ್ಯಾರ್ಥಿಗೆ ಮಾತ್ರ ಹೇಳಿರುವುದಿಲ್ಲ.

ಮರುಭೂಮಿಯಿಂದ ಬಂದ ತಂತ್ರಾಂಶ

ಆಸ್ಟ್ರೇಲಿಯಾದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಾಠ, ಅಸೈನ್‌ಮೆಂಟ್, ಅಂಕ ಎಲ್ಲವೂ ಇರುವುದು ಮೂಡಲ್ ಎಂಬ ತಂತ್ರಾಂಶದಲ್ಲಿ. ನಮ್ಮ ಕರ್ನಾಟಕದ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದೇ ಇದೆ, ಏಕೆಂದರೆ ಅದು ಉಚಿತ. ಇದನ್ನು ಬರೆದವರು ಪರ್ತ್ ನಗರದ ಮಾರ್ಟಿನ್ ಡೌಗಿಯಾಮಾಸ್, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬೆಳೆದ ಅವರು ಬಾಲ್ಯದಲ್ಲಿ ‘ಸ್ಕೂಲ್ ಆಫ್ ದಿ ಏರ್’ ಮೂಲಕ, ಅಂದರೆ ರೇಡಿಯೊದಲ್ಲಿ ಪಾಠ ಕೇಳಿ ಓದಿದವರು. ಹತ್ತಿರದ ಶಾಲೆಯೇ ನೂರಾರು ಕಿಲೋಮೀಟರ್ ಆಚೆ ಇರುವ ಮಕ್ಕಳಿಗೆ 1951ರಿಂದ ಆಸ್ಟ್ರೇಲಿಯಾ ನಡೆಸಿಕೊಂಡು ಬಂದ ವ್ಯವಸ್ಥೆ ಅದು. ಗುರು ಎದುರಿಗಿಲ್ಲದಿದ್ದರೂ ಕಲಿಯಬಹುದು ಎಂಬುದು ಅವರಿಗೆ ಬಾಲ್ಯದಿಂದಲೇ ಗೊತ್ತಿತ್ತು.

ಅಮೆರಿಕದಲ್ಲಿ ಹೆಚ್ಚು ಕಾಣುವುದು ಕ್ಯಾನ್ವಾಸ್. ಇವು ಮನೆ ಇದ್ದ ಹಾಗೆ. ವಿಡಿಯೊ ಮತ್ತು ಅದರ ನಡುವಿನ ಕ್ವಿಜ್ ಅನ್ನು ಬೇರೆ ತಂತ್ರಾಂಶಗಳು ಒದಗಿಸುತ್ತವೆ, ಇವು ಬಾಡಿಗೆದಾರರಂತೆ. ಪನೊಪ್ಟೊ ಒಂದು. ನಾರ್ವೆಯಲ್ಲಿ ಹುಟ್ಟಿದ ಎಚ್5ಪಿ ಇನ್ನೊಂದು. ಶಾಲಾ ಮಕ್ಕಳಿಗೆ ಸ್ಪೇನ್‌ನ ಬಾರ್ಸಿಲೋನಾದಿಂದ ಬಂದ ಎಡ್‌ಪಝಲ್ ಹೆಚ್ಚು ಪರಿಚಿತ. ಮಗು ಉತ್ತರ ಕೊಡುವುದು ಬಾಡಿಗೆದಾರನಿಗೆ, ಅಂಕ ಬರೆಯುವ ಪುಸ್ತಕ ಇರುವುದು ಮನೆ ಮಾಲೀಕನ ಬಳಿ. ಇಬ್ಬರ ನಡುವೆ ಸುದ್ದಿ ಮುಟ್ಟಿಸಲು ‘ಎಲ್‌ಟಿಐ’ ಎಂಬ ಸಾಮಾನ್ಯ ಒಪ್ಪಂದವೊಂದಿದೆ. ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ಕಡೆಗಳ ನಡುವೆಯೇ ಆಗುತ್ತವೆ.

ಉದಾಹರಣೆಗೆ, ಉಪನ್ಯಾಸಕರು ಪನೊಪ್ಟೊ ವಿಡಿಯೊವನ್ನು ಕ್ಯಾನ್ವಾಸ್‌ನಲ್ಲಿ ‘ಅಸೈನ್‌ಮೆಂಟ್’ ಆಗಿ ಸೇರಿಸಿದ್ದರೆ ಅಂಕ ತಾನಾಗಿ ಗ್ರೇಡ್‌ಬುಕ್‌ಗೆ ಹೋಗುತ್ತದೆ. ಅವರು ಅವಸರದಲ್ಲಿ ಬರೀ ಲಿಂಕ್ ಅಂಟಿಸಿದ್ದರೆ? ವಿದ್ಯಾರ್ಥಿಗೆ ಕಾಣುವ ವಿಡಿಯೊ ಅದೇ, ಪ್ರಶ್ನೆಯೂ ಅದೇ. ಉತ್ತರ ಪನೊಪ್ಟೊ ಒಳಗೆ ಉಳಿಯುತ್ತದೆ, ಅಂಕಪಟ್ಟಿಗೆ ಹೋಗುವುದಿಲ್ಲ. ಮೂಡಲ್‌ನಲ್ಲೂ ಹಾಗೆಯೇ. 2020ರ ಮಧ್ಯಭಾಗದಲ್ಲಿ ಬಂದ 3.9 ಆವೃತ್ತಿಯಿಂದ ಎಚ್5ಪಿಯನ್ನು ಪ್ರತ್ಯೇಕ ಚಟುವಟಿಕೆಯಾಗಿ ಸೇರಿಸಬಹುದು, ಆಗ ಅಂಕ ದಾಖಲಾಗುತ್ತದೆ. ಅದೇ ವಿಡಿಯೊವನ್ನು ಒಂದು ಪುಟದ ಬರಹದ ಮಧ್ಯೆ ಇಟ್ಟರೆ ಅಂಕ ಗ್ರೇಡ್‌ಬುಕ್‌ಗೆ ಹೋಗುವುದಿಲ್ಲ. ಇಡೀ ತರಗತಿಗೆ ಸೊನ್ನೆ ಬಿದ್ದಿದ್ದರೆ ಕಾರಣ ಹೆಚ್ಚಾಗಿ ಇಂಥದ್ದೇ. ಒಬ್ಬರಿಗೆ ಮಾತ್ರ ಬಿದ್ದಿದ್ದರೆ ಬೇರೆ ಕಾರಣ ಹುಡುಕಬೇಕು. ಆದ್ದರಿಂದ ಮಗ ಅಥವಾ ಮಗಳು ಗಾಬರಿಯಿಂದ ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಬೇರೆಯವರಿಗೂ ಹೀಗೇ ಆಗಿದೆಯಾ?’ ಎಂಬುದು.

ಒಂದು ಟಿಕ್, ಮೂರು ಅರ್ಥ

ಪರದೆಯ ಮೇಲೆ ಕಾಣುವ ಹಸಿರು ಟಿಕ್ ಎಂದರೆ ಏನು ಎಂಬುದು ಉಪನ್ಯಾಸಕರು ಆರಿಸಿದ ಆಯ್ಕೆಯ ಮೇಲೆ ನಿಂತಿದೆ. ಮೂಡಲ್‌ನಲ್ಲಿ ಪುಟ ತೆರೆದರೆ ಸಾಕು, ‘ಮುಗಿಯಿತು’ ಎಂದು ತೋರಿಸುವಂತೆ ಇಡಬಹುದು. ಅಂಕ ಬಂದರೆ ಮಾತ್ರ, ಅದು ಸೊನ್ನೆಯಾದರೂ ಸರಿ, ಮುಗಿಯಿತು ಎಂದು ತೋರಿಸುವಂತೆಯೂ ಇಡಬಹುದು. ಪಾಸಾಗುವಷ್ಟು ಅಂಕ ಬಂದರೆ ಮಾತ್ರ ಎಂದೂ ಇಡಬಹುದು. ಇವುಗಳ ಜತೆಗೆ ವಿದ್ಯಾರ್ಥಿಯೇ ಒತ್ತಬಹುದಾದ ‘ಮುಗಿಸಿದೆ’ ಎಂಬ ಗುಂಡಿ ಬೇರೆ ಇದೆ. ಅದನ್ನು ಒತ್ತಿ ನಿಶ್ಚಿಂತೆಯಿಂದ ಮಲಗಿದವರನ್ನು ನಾನು ನೋಡಿದ್ದೇನೆ. ಆ ಗುಂಡಿ ವಿದ್ಯಾರ್ಥಿಯ ಸ್ವಂತ ನೆನಪಿಗೆ ಇರುವಂಥದ್ದು, ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದರಿಂದ ವಿಚಿತ್ರ ಪರಿಸ್ಥಿತಿಗಳು ಹುಟ್ಟುತ್ತವೆ. ಒಬ್ಬ ಹುಡುಗ ವಿಡಿಯೊ ತೆರೆದು ಇನ್ನೊಂದು ಕಿಟಕಿಯಲ್ಲಿ ಕ್ರಿಕೆಟ್ ನೋಡುತ್ತಾನೆ, ಟಿಕ್ ಬೀಳುತ್ತದೆ. ಇನ್ನೊಬ್ಬಳು ಇಡೀ ಪಾಠ ಕೇಳಿ ಎಲ್ಲ ಪ್ರಶ್ನೆಗೂ ಸರಿಯುತ್ತರ ಕೊಟ್ಟು ಸಲ್ಲಿಸುವ ಗುಂಡಿ ಮರೆಯುತ್ತಾಳೆ, ಟಿಕ್ ಇಲ್ಲ. ಕಂಪ್ಯೂಟರ್‌ಗೆ ಮೊದಲಿನವನೇ ಒಳ್ಳೆಯ ವಿದ್ಯಾರ್ಥಿ.

ಕ್ಯಾನ್ವಾಸ್‌ನಲ್ಲಿ ಇನ್ನೊಂದು ಬಲೆ ಇದೆ. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಇದನ್ನು ಗಮನವಿಟ್ಟು ಓದಬೇಕು. ಅಲ್ಲಿ ವಿದ್ಯಾರ್ಥಿಗೆ ಕಾಣುವ ಒಟ್ಟು ಶೇಕಡಾವಾರು ಅಂಕ ಸಾಮಾನ್ಯವಾಗಿ ‘ಈವರೆಗೆ ಅಂಕ ಕೊಟ್ಟಿರುವ ಕೆಲಸಗಳಿಗೆ ಮಾತ್ರ’ ಲೆಕ್ಕ ಹಾಕಿದ್ದು. ಸಲ್ಲಿಸದ ಕ್ವಿಜ್ ಎದುರು ಒಂದು ಸಣ್ಣ ಗೆರೆ ಇರುತ್ತದೆ, ಅದು ಲೆಕ್ಕಕ್ಕೆ ಸೇರಿರುವುದಿಲ್ಲ. ಮಗ 10 ಕ್ವಿಜ್‌ಗಳಲ್ಲಿ 4 ಮಾಡಿ ಅವುಗಳಲ್ಲಿ ಸರಾಸರಿ 92 ತೆಗೆದಿದ್ದರೆ ಪರದೆಯ ಮೇಲೆ 92 ಎಂದೇ ಕಾಣುತ್ತದೆ. ‘ನೈಂಟಿ ಟು ಇದೆಯಪ್ಪಾ’ ಎಂದು ಆತ ಹೇಳುವುದೂ ಸುಳ್ಳಲ್ಲ. ಸೆಮಿಸ್ಟರ್ ಕೊನೆಯಲ್ಲಿ ಉಪನ್ಯಾಸಕರು ಬಾಕಿ ಉಳಿದ 6 ಕ್ವಿಜ್‌ಗಳಿಗೆ ಸೊನ್ನೆ ಹಾಕಿದ ದಿನ ಆ 92 ಒಂದೇ ಏಟಿಗೆ 37ಕ್ಕೆ ಇಳಿಯುತ್ತದೆ. ಅದೇ ಪುಟದಲ್ಲಿ ‘ಅಂಕ ನೀಡಿದ ಕೆಲಸಗಳನ್ನು ಮಾತ್ರ ಲೆಕ್ಕ ಹಾಕು’ ಎಂಬ ಸಾಲಿನ ಎದುರಿನ ಗುರುತು ತೆಗೆದರೆ ನಿಜವಾದ ಸ್ಥಿತಿ ಕಾಣುತ್ತದೆ. ಅರ್ಧ ನಿಮಿಷದ ಕೆಲಸ. ತಿಂಗಳಿಗೊಮ್ಮೆ ಮಾಡಿ ನೋಡು ಎಂದು ಮಗನಿಗೆ ಹೇಳಿ.

ಇನ್ನು ಸಣ್ಣಪುಟ್ಟ ತಾಂತ್ರಿಕ ಕಾರಣಗಳು. ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ರೈಲಿನಲ್ಲಿ ನೋಡಿದರೆ ಕ್ವಿಜ್ ಬರುವುದಿಲ್ಲ, ನೋಡಿದ ದಾಖಲೆಯೂ ಇರುವುದಿಲ್ಲ. ಗೆಳೆಯರು ಕಳುಹಿಸಿದ ಲಿಂಕ್‌ನಿಂದ ನೇರವಾಗಿ ಹೋದರೂ ಅದೇ ತೊಂದರೆ, ಕೋರ್ಸ್ ಪುಟದೊಳಗಿನಿಂದಲೇ ವಿಡಿಯೊ ತೆರೆಯಬೇಕು. ಆ್ಯಪಲ್‌ನ ಸಫಾರಿ ಬ್ರೌಸರ್ 2020ರ ಮಾರ್ಚ್‌ನಿಂದ ಬೇರೆ ತಾಣಗಳ ಕುಕೀಗಳನ್ನು ಪೂರ್ತಿ ತಡೆಯುತ್ತದೆ. ಖಾಸಗಿತನಕ್ಕೆ ಅದು ಒಳ್ಳೆಯದೇ. ಆದರೆ ಒಂದು ತಾಣದೊಳಗೆ ಇನ್ನೊಂದು ತಾಣದ ವಿಡಿಯೊ ಕೂತಿರುವ ಈ ವ್ಯವಸ್ಥೆಯಲ್ಲಿ, ಉತ್ತರ ಕೊಟ್ಟವರು ಯಾರು ಎಂಬುದೇ ಕೆಲವೊಮ್ಮೆ ತಪ್ಪಿಹೋಗುತ್ತದೆ. ಹೊಸ ಐಪ್ಯಾಡ್ ಕೊಡಿಸಿದ ಮೇಲೆ ಟಿಕ್ ಬೀಳುವುದು ನಿಂತಿತು ಎಂದರೆ ಮಗಳ ಮೇಲೆ ಅನುಮಾನ ಪಡುವ ಮೊದಲು ಇನ್ನೊಂದು ಬ್ರೌಸರ್‌ನಲ್ಲಿ ತೆರೆದು ನೋಡು ಎನ್ನಿ.

ಇಷ್ಟೆಲ್ಲ ಯಾಕೆ ಬೇಕಿತ್ತು?

ಕಾಟ ಕೊಡಲೆಂದೇ ಮಾಡಿದ್ದಾರೆ ಎಂದು ಮಕ್ಕಳು ದೂರುತ್ತಾರೆ. ಹಾಗಲ್ಲ. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಸ್ಪುನರ್, ನೊವಾಲ್ ಖಾನ್ ಮತ್ತು ಡೇನಿಯಲ್ ಶಾಕ್ಟರ್ ಸಂಖ್ಯಾಶಾಸ್ತ್ರದ ಸುಮಾರು 21 ನಿಮಿಷದ ಒಂದು ವಿಡಿಯೊ ಪಾಠವನ್ನು 4 ತುಂಡು ಮಾಡಿ ವಿದ್ಯಾರ್ಥಿಗಳಿಗೆ ತೋರಿಸಿದರು. ಒಂದು ಗುಂಪಿಗೆ ಪ್ರತಿ ತುಂಡಿನ ನಂತರ ಸಣ್ಣ ಪರೀಕ್ಷೆ, ಉಳಿದವರಿಗೆ ಇಲ್ಲ. ಪಾಠದ ನಡುವೆ ಮನಸ್ಸು ಬೇರೆಲ್ಲೋ ಹೋಗುವುದು ಪರೀಕ್ಷೆ ಇದ್ದ ಗುಂಪಿನಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು, ಟಿಪ್ಪಣಿ ಬರೆದುಕೊಳ್ಳುವುದು ಹೆಚ್ಚಾಯಿತು, ಕೊನೆಯ ಪರೀಕ್ಷೆಯಲ್ಲಿ ಅವರೇ ಚೆನ್ನಾಗಿ ಮಾಡಿದರು. ಮರುವರ್ಷ ಎಡೆಕ್ಸ್ ತಾಣದ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ಅದರಲ್ಲಿ ಕಳೆಯುವ ಸಮಯದ ಮಧ್ಯಾಂಕ 6 ನಿಮಿಷ ದಾಟುವುದಿಲ್ಲ ಎಂದು ಅದು ಹೇಳಿತು. ಒಂದು ಗಂಟೆಯ ಉಪನ್ಯಾಸವನ್ನು ರೆಕಾರ್ಡ್ ಮಾಡಿ ಹಾಗೆಯೇ ಹಾಕಿದರೆ ಯಾರೂ ಪೂರ್ತಿ ನೋಡುವುದಿಲ್ಲ ಎಂಬುದು ಇದರಿಂದ ಗೊತ್ತಾಯಿತು. ನಡುವೆ ಪ್ರಶ್ನೆ ಇಡುವ ಪದ್ಧತಿಗೆ ಇಂಥ ಆಧಾರಗಳಿವೆ.

ಅಂದರೆ ಪ್ರಶ್ನೆ ಕೇಳುವುದು ಒಳ್ಳೆಯದು. ಆ ಪ್ರಶ್ನೆಯ ಹಿಂದೆ ಲೆಕ್ಕಪತ್ರ ಬಂದು ಕೂತಾಗ ಕಥೆ ಬೇರೆಯಾಗುತ್ತದೆ. ಕ್ವಿಜ್‌ಗೆ ಅಂಕ ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ. ಅಂಕ ಜಾಸ್ತಿ ಇಟ್ಟರೆ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತವೆ. ನಮ್ಮ ಹುಡುಗರ ಗುಂಪುಗಳಲ್ಲೂ ಓಡಾಡುತ್ತವೆ, ಮುಚ್ಚಿಟ್ಟು ಪ್ರಯೋಜನವಿಲ್ಲ. 40 ನಿಮಿಷದ ವಿಡಿಯೊ 3 ನಿಮಿಷದಲ್ಲಿ ಮುಗಿದು ಎಲ್ಲ ಉತ್ತರವೂ ಸರಿ ಬಂದಿದ್ದರೆ ಅದು ಉಪನ್ಯಾಸಕರ ಪರದೆಯ ಮೇಲೆ ಕಾಣುತ್ತದೆ. ಯಾವ ಭಾಗವನ್ನು ನೋಡಿದ್ದಾರೆ, ಯಾವ ಭಾಗವನ್ನು ಹಾರಿಸಿದ್ದಾರೆ, ಎಷ್ಟು ಸಲ ಪ್ರಯತ್ನಿಸಿದ್ದಾರೆ ಎಂಬುದೆಲ್ಲ ಅಲ್ಲಿ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಕ್ವಿಜ್‌ಗೆ ಅಂಕ ಇರಬೇಕು ಆದರೆ ಕಡಿಮೆ ಇರಬೇಕು, ತಪ್ಪು ಉತ್ತರಕ್ಕೆ ಮತ್ತೆ ಪ್ರಯತ್ನಿಸುವ ಅವಕಾಶ ಕೊಡಬೇಕು, 10ರಲ್ಲಿ 2 ತಪ್ಪಿದರೂ ಪರವಾಗಿಲ್ಲ ಎಂಬ ನಿಯಮ ಇರಬೇಕು. ರಾತ್ರಿ ಪಾಳಿ ಮುಗಿಸಿ ಬಂದು ಪಾಠ ನೋಡುವ ಹುಡುಗನಿಗೆ ಆ ಎರಡು ತಪ್ಪಿನ ಅವಕಾಶ ಎಷ್ಟು ದೊಡ್ಡದೆಂದು ನಿಯಮ ಬರೆಯುವವರಿಗೆ ಗೊತ್ತಿರುವುದಿಲ್ಲ.

ಸದ್ಯ ವೀಸಾ ಮಾತಿಗೆ ಬರೋಣ

ಹಾಸನದ ಮಾವ ಹೇಳಿದ ಮಾತು ಎಲ್ಲ ಊರುಗಳಲ್ಲೂ ಓಡಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಒಂದು ಕ್ವಿಜ್ ತಪ್ಪಿದರೆ, ಮೂರು ತಪ್ಪಿದರೂ, ಅಷ್ಟಕ್ಕೇ ಯಾರ ವೀಸಾವೂ ಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ವಿದೇಶಿ ವಿದ್ಯಾರ್ಥಿಗಳ ಕುರಿತ 2018ರ ರಾಷ್ಟ್ರೀಯ ಸಂಹಿತೆ ಇದೆ. ಅದರ ಪ್ರಕಾರ ಶಿಕ್ಷಣ ಸಂಸ್ಥೆ ನೋಡಬೇಕಾದದ್ದು ಕೋರ್ಸ್‌ನ ಒಟ್ಟಾರೆ ಪ್ರಗತಿ, ಅಂದರೆ ವಿಷಯಗಳಲ್ಲಿ ಪಾಸಾಗುತ್ತಿದ್ದಾರೆಯೇ ಎಂಬುದು. ಪ್ರಗತಿ ಸಾಲದು ಎಂದು ಸರ್ಕಾರಕ್ಕೆ ವರದಿ ಮಾಡುವ ಮೊದಲು ವಿದ್ಯಾರ್ಥಿಗೆ ಲಿಖಿತ ಸೂಚನೆ ಕೊಡಬೇಕು, ಮೇಲ್ಮನವಿಗೆ 20 ಕೆಲಸದ ದಿನಗಳ ಅವಕಾಶ ಇರಬೇಕು. ಇಂಗ್ಲಿಷ್ ಭಾಷಾ ಕೋರ್ಸ್‌ಗಳ ಲೆಕ್ಕ ಬೇರೆ, ಅಲ್ಲಿ ಶೇ 80 ಹಾಜರಿ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ವಿದೇಶಿ ವಿದ್ಯಾರ್ಥಿಯ ಕೋರ್ಸ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆನ್‌ಲೈನ್ ಆಗಿರುವಂತಿಲ್ಲ ಎಂಬ ನಿಯಮವೂ ಇದೆ.

ಅಮೆರಿಕದ ಎಫ್-1 ವೀಸಾದಲ್ಲಿ ಇನ್ನೂ ಬಿಗಿ. ಪೂರ್ಣಾವಧಿ ವಿದ್ಯಾರ್ಥಿ ಎಂದು ಲೆಕ್ಕಕ್ಕೆ ಬರಲು ಒಂದು ಅವಧಿಯಲ್ಲಿ ಒಂದು ಆನ್‌ಲೈನ್ ತರಗತಿ ಅಥವಾ 3 ಕ್ರೆಡಿಟ್ ಮಾತ್ರ ಸೇರಿಸಬಹುದು. ಕೋವಿಡ್ ಕಾಲದಲ್ಲಿ ಇದನ್ನು ಸಡಿಲಿಸಲಾಗಿತ್ತು, ಈಗ ಆ ಸಡಿಲಿಕೆ ಇಲ್ಲ. ಮನೆಯಲ್ಲಿ ವಿಡಿಯೊ ನೋಡಿ ಕ್ವಿಜ್ ಮಾಡಿ ನಂತರ ತರಗತಿಗೆ ಹೋಗಿ ಕೂರಬೇಕಾದ ಕೋರ್ಸ್ ಈ ಲೆಕ್ಕದಲ್ಲಿ ಆನ್‌ಲೈನ್ ಅಲ್ಲ, ಖುದ್ದು ಹಾಜರಿ ಬೇಕಿಲ್ಲದ ಕೋರ್ಸ್ ಮಾತ್ರ ಆನ್‌ಲೈನ್.

ಕ್ವಿಜ್‌ನಿಂದ ನಿಜವಾದ ಅಪಾಯ ಇರುವುದು ಬೇರೆ ಕಡೆ. ಕೆಲವು ವಿಷಯಗಳಲ್ಲಿ ಇಂತಿಷ್ಟು ಕ್ವಿಜ್ ಮುಗಿಸದಿದ್ದರೆ ಕೊನೆಯ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ಪಾಸಿಲ್ಲ ಎಂಬ ಷರತ್ತು ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಇದನ್ನು ‘ಹರ್ಡಲ್’ ಎನ್ನುತ್ತಾರೆ. ಒಂದು ವಿಷಯ ಮತ್ತೆ ಓದಬೇಕೆಂದರೆ ಅದರ ಫೀಸು ಮತ್ತೆ ಕಟ್ಟಬೇಕು. ದೋಹಾದ ಅಣ್ಣನ ಎಷ್ಟೋ ತಿಂಗಳ ಉಳಿತಾಯ ಹೋಗುವುದು ಹಾಗೆ. ಸೆಮಿಸ್ಟರ್‌ನ ಮೊದಲ ವಾರ ಕೊಡುವ ವಿಷಯ ವಿವರಣೆಯಲ್ಲಿ ಈ ಷರತ್ತು ಬರೆದಿರುತ್ತದೆ. ಯಾರೂ ಓದುವುದಿಲ್ಲ.

ಮೆಲ್ಬರ್ನ್ ಹುಡುಗಿಯ ವಿಷಯದಲ್ಲಿ ಮೇಲ್ ಕಳುಹಿಸಿದ್ದು ಮನುಷ್ಯರಲ್ಲ. ಮೂರು ವಾರ ಸತತವಾಗಿ ಕ್ವಿಜ್ ಅಂಕ ಖಾಲಿ ಇದ್ದರೆ ತಾನಾಗಿ ಹೋಗುವ ಎಚ್ಚರಿಕೆ ಅದು. ಆಕೆ ಟ್ಯೂಟರ್‌ಗೆ ಬರೆದಳು, ಗಾಬರಿಯಲ್ಲಿ ಉದ್ದ ಬರೆದಳು, ಆದರೆ ಯಾವ ದಿನ ಯಾವ ಪಾಠ ನೋಡಿದೆ ಎಂಬುದನ್ನೂ ಬರೆದಿದ್ದಳು. ಅದೇ ಅವಳ ಕೈಹಿಡಿಯಿತು. ಮೂಡಲ್‌ನ ಲಾಗ್‌ನಲ್ಲಿ ಆ ಆ ದಿನ ಆಕೆ ಪುಟ ತೆರೆದ ಸಮಯ ಸಿಕ್ಕಿತು. ಉಪನ್ಯಾಸಕರು ಮೂರೂ ಕ್ವಿಜ್‌ಗಳನ್ನು ಒಂದು ವಾರ ಮತ್ತೆ ತೆರೆದುಕೊಟ್ಟರು. ನೋಡಿದರೆ ಅದೇ ತರಗತಿಯಲ್ಲಿ ಇನ್ನೂ ಹಲವರು ನಕ್ಷತ್ರ ಒತ್ತಿರಲಿಲ್ಲ, ಕೇಳುವ ಧೈರ್ಯ ಮಾಡಿರಲಿಲ್ಲ ಅಷ್ಟೆ. ನಮ್ಮ ಮಕ್ಕಳಿಗೆ ಮೇಷ್ಟ್ರಿಗೆ ಬರೆಯುವುದೆಂದರೆ ಸಂಕೋಚ. ‘ಏನಂದುಕೊಳ್ತಾರೋ’ ಎಂದು ಸುಮ್ಮನಿರುತ್ತಾರೆ. ಇಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಕೇಳದಿದ್ದರೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಊರಿನಿಂದ ಫೋನ್ ಮಾಡಿದರೆ?

‘ನಾನೇ ಯೂನಿವರ್ಸಿಟಿಗೆ ಫೋನ್ ಮಾಡ್ತೀನಿ’ ಎನ್ನುವ ಅಪ್ಪಂದಿರು ಇದ್ದಾರೆ. ಫೋನ್ ಮಾಡಬಹುದು, ಉತ್ತರ ಸಿಗುವುದಿಲ್ಲ. ಅಮೆರಿಕದಲ್ಲಿ 1974ರಿಂದ ಫೆರ್ಪಾ ಎಂಬ ಕಾನೂನಿದೆ. ವಿದ್ಯಾರ್ಥಿಗೆ 18 ತುಂಬಿದ ಮೇಲೆ ಅಥವಾ ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದೇ. ಫೀಸು ಕಟ್ಟುವವರು ನೀವೇ ಆದರೂ ಮಗನ ಒಪ್ಪಿಗೆ ಇಲ್ಲದೆ ಕ್ವಿಜ್ ಅಂಕವನ್ನು ನಿಮಗೆ ಹೇಳುವುದಿಲ್ಲ. ಬ್ರಿಟನ್, ಆಸ್ಟ್ರೇಲಿಯಾದಲ್ಲೂ ಮಾತು ಇದೇ. ಕೆಲವರು ಮಗನ ಪಾಸ್‌ವರ್ಡ್ ಇಸಿದುಕೊಂಡು ತಾವೇ ಲಾಗಿನ್ ಆಗಿ ನೋಡುತ್ತಾರೆ. ದಯವಿಟ್ಟು ಬೇಡ. ಮೆಲ್ಬರ್ನ್‌ನಲ್ಲಿ ಕೂತ ವಿದ್ಯಾರ್ಥಿಯ ಖಾತೆ ಅದೇ ಗಂಟೆಯಲ್ಲಿ ಹುಬ್ಬಳ್ಳಿಯಿಂದಲೂ ತೆರೆದರೆ ಬೇರೆಯವರಿಂದ ಕ್ವಿಜ್ ಮಾಡಿಸುತ್ತಿದ್ದಾನೆ ಎಂಬ ಅನುಮಾನಕ್ಕೆ ದಾರಿಯಾಗುತ್ತದೆ. ಅದು ಕ್ವಿಜ್ ತಪ್ಪಿಸುವುದಕ್ಕಿಂತ ದೊಡ್ಡ ತೊಂದರೆ. ನೋಡಲೇಬೇಕು ಎಂದಿದ್ದರೆ ವಿಡಿಯೊ ಕರೆಯಲ್ಲಿ ಮಗನೇ ತನ್ನ ಪರದೆ ತೋರಿಸಲಿ.

ವಿದ್ಯಾರ್ಥಿಗೆ ಇರುವ ಹಕ್ಕನ್ನೂ ಹೇಳಿಬಿಡುತ್ತೇನೆ. ತನ್ನ ಬಗ್ಗೆ ಏನೇನು ದಾಖಲಾಗಿದೆ ಎಂದು ಬ್ರಿಟನ್‌ನಲ್ಲಿ ವಿದ್ಯಾರ್ಥಿ ಲಿಖಿತವಾಗಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಅಮೆರಿಕದಲ್ಲಿ ಶೈಕ್ಷಣಿಕ ದಾಖಲೆ ನೋಡಲು 45 ದಿನಗಳೊಳಗೆ ಅವಕಾಶ ಕೊಡಬೇಕು. ಮಾತುಕತೆಯಲ್ಲಿ ಮುಗಿಯದ ಪ್ರಕರಣಗಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ಕೊಲ್ಲಿಯ ಮನೆಗಳಲ್ಲಿ

ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರ ಪರಿಸ್ಥಿತಿ ಬೇರೆ. ಮಕ್ಕಳು ಚಿಕ್ಕವರು, ಜತೆಯಲ್ಲೇ ಇದ್ದಾರೆ, ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಓದುತ್ತಾರೆ. 2020ರ ಮಾರ್ಚ್‌ನಲ್ಲಿ ಯುಎಇ ಶಾಲೆಗಳು ದೂರಶಿಕ್ಷಣಕ್ಕೆ ಹೊರಳಿದಾಗ ಒಂದೇ ಕೋಣೆಯ ಫ್ಲ್ಯಾಟ್‌ಗಳಲ್ಲಿ ಎರಡು ಮಕ್ಕಳಿಗೆ ಒಂದು ಮೊಬೈಲ್ ಹಂಚಿದ ತಾಯಂದಿರಿಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಶಾಲೆ ತೆರೆದ ಮೇಲೂ ವಿಡಿಯೊ ಹೋಂವರ್ಕ್ ಉಳಿದುಕೊಂಡಿತು.

ಎಡ್‌ಪಝಲ್‌ನಂಥದ್ದನ್ನು ಬಳಸುವ ಶಾಲೆಯಾದರೆ ತಿಳಿದಿರಲಿ: ಟೀಚರ್ ಬೇಕೆಂದರೆ ಮುಂದಕ್ಕೆ ಹಾರಿಸದಂತೆ ತಡೆಯಬಹುದು, ಮಗು ಬೇರೆ ಕಿಟಕಿಗೆ ಹೋದರೆ ವಿಡಿಯೊ ನಿಲ್ಲುವಂತೆ ಮಾಡಬಹುದು. ಪ್ರತಿ ಭಾಗವನ್ನು ಮಗು ಎಷ್ಟು ಸಲ ನೋಡಿದೆ ಎಂಬುದೂ ಅವರಿಗೆ ಕಾಣುತ್ತದೆ. ಒಂದೇ ಭಾಗವನ್ನು ಐದು ಸಲ ನೋಡಿದ್ದರೆ ಅದು ಸೋಮಾರಿತನವಲ್ಲ, ಅಲ್ಲಿ ಅರ್ಥವಾಗಿಲ್ಲ ಎಂಬುದರ ಗುರುತು. ಒಳ್ಳೆಯ ಟೀಚರ್ ಮರುದಿನ ಅಲ್ಲಿಂದಲೇ ಶುರು ಮಾಡುತ್ತಾರೆ. ಈ ಲೆಕ್ಕದಿಂದ ನಿಜವಾಗಿ ಆಗಬೇಕಾದ ಪ್ರಯೋಜನ ಇದು. ಪೋಷಕರ ಸಭೆಗೆ ಹೋದಾಗ ‘ಕಂಪ್ಲೀಟ್ ಆಗಿದೆಯಾ?’ ಎಂದು ಕೇಳುವ ಬದಲು ‘ಎಲ್ಲಿ ಪದೇ ಪದೇ ನಿಲ್ಲಿಸಿದಾನೆ ನೋಡಿ ಹೇಳಿ ಮೇಡಂ’ ಎಂದು ಕೇಳಿ ನೋಡಿ. ಗೂಗಲ್ ಕ್ಲಾಸ್‌ರೂಮ್ ಇರುವ ಶಾಲೆಗಳಲ್ಲಿ ಪೋಷಕರಿಗೆ ಇಮೇಲ್ ಸಾರಾಂಶ ಬರುವ ವ್ಯವಸ್ಥೆ ಇದೆ, ಶಾಲೆ ಅದನ್ನು ತೆರೆದಿರಬೇಕು. ಸಲ್ಲಿಸದ ಕೆಲಸ, ಮುಂದೆ ಬರುವ ಕೆಲಸ ಅದರಲ್ಲಿರುತ್ತದೆ, ಅಂಕ ಇರುವುದಿಲ್ಲ. ಕುವೈತ್‌ನಲ್ಲಿ ಅಪ್ಪ, ಕುಂದಾಪುರದಲ್ಲಿ ಅಮ್ಮ ಮತ್ತು ಮಕ್ಕಳು ಎಂಬಂತಿರುವ ಮನೆಗಳಿಗೆ ಇದು ಒಳ್ಳೆಯ ಸೌಲಭ್ಯ. ದೂರದಲ್ಲಿರುವ ಅಪ್ಪನಿಗೂ ವಾರಕ್ಕೊಂದು ಮೇಲ್ ಬರುತ್ತದೆ. ಅದನ್ನು ಓದಿದ ತಕ್ಷಣ ಬೈಯಲು ಫೋನ್ ತೆಗೆಯದಿದ್ದರೆ ಸಾಕು.

ಊರಿನಲ್ಲೇ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೂ ಈಗ ಇಂಥ ಲೆಕ್ಕ ಬಂದಿದೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಪ್ರಮಾಣಪತ್ರ ಬೇಕೆಂದರೆ 25ರಲ್ಲಿ 10, 75ರಲ್ಲಿ 30 ಎರಡೂ ಬರಬೇಕು. ಪರೀಕ್ಷೆಯಲ್ಲಿ 60 ತೆಗೆದೂ ವಾರದ ಅಸೈನ್‌ಮೆಂಟ್ ಬಿಟ್ಟು ಪ್ರಮಾಣಪತ್ರ ಕಳೆದುಕೊಳ್ಳುವ ಸಾಧ್ಯತೆ ಇರುವುದು ಇಲ್ಲೇ. ಹಾಗಿದ್ದರೂ 4 ವಾರ ತಪ್ಪಿದರೆ ಕ್ಷಮಿಸುವ ಈ ನಿಯಮ ಎಷ್ಟೋ ವಿದೇಶಿ ವಿಶ್ವವಿದ್ಯಾಲಯಗಳ ನಿಯಮಕ್ಕಿಂತ ಮೇಲು ಎಂದು ನನಗನಿಸುತ್ತದೆ.

ಮದುವೆಗೆ ಬಂದವರು

ಇನ್ನೊಂದು ವಿಷಯ ಉಳಿಯಿತು, ಅದು ಗಡಿಯಾರದ್ದು. ಕ್ವಿಜ್ ಗಡುವು ಸಾಮಾನ್ಯವಾಗಿ ರಾತ್ರಿ 11.59. ಅಕ್ಕನ ಮದುವೆಗೆಂದು ಶಿವಮೊಗ್ಗಕ್ಕೆ ಬಂದಿರುವ ತಮ್ಮ ‘ರಾತ್ರಿ ಊಟ ಆದ್ಮೇಲೆ ಮಾಡ್ತೀನಿ’ ಎನ್ನುತ್ತಾನೆ. ಆ 11.59 ಸಿಡ್ನಿಯದ್ದಾದರೆ ನಮ್ಮಲ್ಲಿ ಸಂಜೆ 7.29, ಅಲ್ಲಿ ಬೇಸಿಗೆಯ ಸಮಯ ಬದಲಾವಣೆ ಇದ್ದಾಗ 6.29. ಆರತಕ್ಷತೆಗೆ ಜನ ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ನ್ಯೂಯಾರ್ಕ್‌ನದ್ದಾದರೆ ಉಲ್ಟಾ, ಮರುದಿನ ಬೆಳಿಗ್ಗೆ 9.29ರವರೆಗೆ, ಚಳಿಗಾಲದಲ್ಲಿ 10.29ರವರೆಗೆ ಸಮಯವಿದೆ. ಲಂಡನ್‌ನದ್ದು ಬೆಳಗಿನ ಜಾವ 5.29, ಬೇಸಿಗೆಯಲ್ಲಿ 4.29. ಕ್ಯಾನ್ವಾಸ್‌ನಲ್ಲಿ ಖಾತೆಯ ಸಮಯವಲಯವನ್ನು ಭಾರತಕ್ಕೆ ಬದಲಿಸಿಕೊಂಡರೆ ಗಡುವು ನಮ್ಮ ಗಂಟೆಯಲ್ಲೇ ಕಾಣುತ್ತದೆ. ವಾಪಸ್ ಹೋದ ಮೇಲೆ ಮತ್ತೆ ಬದಲಿಸಬೇಕು.

ಮದುವೆ ಮನೆಯ ವೈ–ಫೈ ನಂಬಬೇಡಿ. ವಿಡಿಯೊ ನಡುವೆ ಸಂಪರ್ಕ ಕಡಿದರೆ ಕೊಟ್ಟ ಉತ್ತರ ಅಲ್ಲೇ ನಿಂತಿರಬಹುದು. ಹುಡುಗ ಅರ್ಧ ಗಂಟೆ ಪಕ್ಕದ ಮನೆಯಲ್ಲಿ ಕೂತು ಮುಗಿಸಿ ಬರಲಿ, ಕೊನೆಗೆ ಸಲ್ಲಿಸುವ ಗುಂಡಿ ಒತ್ತಿ, ಅಂಕ ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಲಿ. ಅಷ್ಟು ಹೊತ್ತು ‘ತಮ್ಮ ಎಲ್ಲಿ, ಫೋಟೊಗೆ ಕರೀರಿ’ ಎಂದು ಯಾರೂ ಕೂಗದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ.